ಪಾಲಿನ ರೊಟ್ಟಿ

ಒದಗಿಸು ಎಂದರೆ ಸಾಕೇ? ಹುಡುಗರಿಗೆ ಅಷ್ಟು ಸಾಕಾಗಬಹುದು. ಆದರೆ ಒದಗಿಸು ಅನ್ನುವುದರಲ್ಲಿ ಬರೀ ಸಾಮಾನು ಕಾಣುತ್ತದೆ. ಎತ್ತಿಗೆ ಮೇವು ಒದಗಿಸು, ಮದುವೆಗೆ ಚಪ್ಪರ ಒದಗಿಸು. ಒಬ್ಬ ಮನುಷ್ಯನ ಹೊಟ್ಟೆಬಟ್ಟೆಗೆ ನಿಲ್ಲುವುದಕ್ಕೆ ಏನೆನ್ನಬೇಕು? ಸಾಕು ಎಂದರೆ ದನ ಸಾಕಿದ ಹಾಗಾಗುತ್ತದೆ. ಪೋಷಿಸು ಎಂದರೆ ಪುರಾಣ ಹೇಳಿದ ಹಾಗೆ. ನೋಡಿಕೊಳ್ಳುವುದು ಅನ್ನಬಹುದೇ? ನೋಡಿಕೊಳ್ಳುವುದರಲ್ಲಿ ಕಾಳು ಎಲ್ಲಿ ಬಂತು?

ಚಂದ್ರಾಮ ವಾಡಿ ಜಂಕ್ಷನ್ನಿನಲ್ಲಿ ಜೋಳದ ಚೀಲದ ಮೇಲೆ ಕೂತಿದ್ದ. ಚಿತ್ತಾಪುರದ ಗಾಡಿ ಅವನನ್ನು ತಂದು ಇಳಿಸಿತ್ತು. ಶಹಾಬಾದಕ್ಕೆ ಹೋಗುವ ಬೊಂಬಾಯಿ ಕಡೆಯ ಗಾಡಿ ಇನ್ನೂ ಬಂದಿರಲಿಲ್ಲ. ಗುರುವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೊರಟು, ಶುಕ್ರವಾರದ ರಜೆಯನ್ನು ಊರಲ್ಲಿ ಕಳೆದು, ಶನಿವಾರ ಬೆಳಗಿನ ಗಾಡಿಗೆ ತಿರುಗಿ ಬರುವುದು ಅವನ ರೂಢಿ. ಎರಡು ವರ್ಷದಿಂದ ಹೀಗೇ ನಡೆದಿತ್ತು. ಪ್ರತಿ ಸಲವೂ ಕೈಯಲ್ಲಿ ಏನಾದರೂ ಇರುತ್ತಿತ್ತು. ಜೋಳ, ಬೆಲ್ಲ, ಒಳ್ಳೆಣ್ಣೆಯ ಡಬ್ಬಿ, ಒಮ್ಮೆ ಕಂದೀಲು, ಒಮ್ಮೆ ಎರಡು ಸೀರೆ.

ಶನಿವಾರ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಚಂದ್ರಾಮ ಇಂಗ್ಲಿಷ್ ಕಲಿಸುವ ಮಾಸ್ತರ. ಹುಡುಗರ ಮನೆಮಾತು ಕನ್ನಡ, ಶಾಲೆಯ ಮಾತು ಉರ್ದು, ಪಾಠ ಇಂಗ್ಲಿಷಿನದು. ಅಂದು ಬೆಳಿಗ್ಗೆ ಹೆಡ್ ಮಾಸ್ತರ ಗುಲಾಮ ದಸ್ತಗೀರರು ಅವನನ್ನು ಕರೆದು ಕೂರಿಸಿಕೊಂಡಿದ್ದರು. ಅವರು ಗುಂಡಗುರ್ತಿಯವರು, ಕನ್ನಡವನ್ನೂ ಉರ್ದುವನ್ನೂ ಒಂದೇ ಉಸಿರಿನಲ್ಲಿ ಆಡುವವರು.

"ಸಾಹೇಬರಿಗೆ ಉದ್ದ ಪಾಠ ಬ್ಯಾಡಂತ್ರಿ ಚಂದ್ರಾಮ ಸಾಬ್. ಒಂದು ಲಫ್ಜ್ ತಗೊಂಡು ಅದರ ಹೊಟ್ಟಿ ಬಗದು ತೋರಿಸಿದ್ರ ಭಾಳ ಖುಷಿ ಆಗ್ತಾರಂತ. ಪ್ರೊವೈಡ್ ತಗೊಳ್ರಿ."

"ಅದೇ ಯಾಕ್ರಿ?"

"ಛಲೋ ಲಫ್ಜ್ ಅದ. ಅಲ್ಲಾಹನ ಹೆಸರಿನ್ಯಾಗೇ ಅದ. ರಜ್ಜಾಕ್, ಅಂದ್ರ ಅನ್ನ ಕೊಡಾಂವ. ನೀವು ಛಲೋ ಪಾಠ ಮಾಡಿದ್ರ ಸರ್ಕಾರ ನಮಗ ಇನ್ನೊಂದು ಖೋಲಿ ಪ್ರೊವೈಡ್ ಮಾಡ್ತದ, ಇಲ್ಲಾಂದ್ರ ಮಳಿ ನೀರು ಪ್ರೊವೈಡ್ ಮಾಡ್ತದ." ಅವರು ತಮ್ಮ ಮಾತಿಗೆ ತಾವೇ ನಕ್ಕಿದ್ದರು.

ಉರ್ದುವಿನಲ್ಲಿ ಹೇಳುವುದು ಕಷ್ಟವಿರಲಿಲ್ಲ. ಕನ್ನಡದ ಶಬ್ದವನ್ನು ಯಾರೂ ಕೇಳುವವರಿರಲಿಲ್ಲ. ಆದರೂ ಅವನು ಅದನ್ನೇ ಹುಡುಕುತ್ತ ಕೂತಿದ್ದ. ಈ ಯೋಚನೆ ಬಿಟ್ಟರೆ ಇನ್ನೊಂದು ಯೋಚನೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ನಾಳೆ ಊರಲ್ಲಿ ಹಿರಿಯರು ಕೂಡುತ್ತಾರೆ. ಅತ್ತಿಗೆಯ ಮಾತು ತೆಗೆಯುತ್ತಾರೆ.

*

ಅವನ ಊರು ಶಹಾಬಾದದಿಂದ ಕಾಲುದಾರಿಯಲ್ಲಿ ಸ್ವಲ್ಪ ದೂರ, ಕಾಗಿಣಾ ಹೊಳೆಯ ದಂಡೆಯ ಮೇಲೆ. ಅಂಬಿಗರ ಮನೆತನ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಜೆಟ್ಟೆಪ್ಪ ಹರಗೋಲು ಹಿಡಿದ. ಜನರನ್ನು, ಕುರಿಗಳನ್ನು, ಸಂತೆಯ ಗಂಟುಗಳನ್ನು ಆ ದಂಡೆಯಿಂದ ಈ ದಂಡೆಗೆ ದಾಟಿಸಿದ. ಅತ್ತಿಗೆ ಶಿವಕಾಂತಮ್ಮ ಮೀನು ಬುಟ್ಟಿ ಹೊತ್ತು ಶಹಾಬಾದದ ಕಲ್ಲುಖಣಿಯ ಜನರಿಗೆ ಮಾರಿ ಬಂದಳು. ಅವಳು ಸೊಸೆಯಾಗಿ ಬಂದಾಗ ಚಂದ್ರಾಮ ಎರಡನೇ ಇಯತ್ತೆಯ ಹುಡುಗ. ಅವನ ತಲೆಗೆ ಎಣ್ಣೆ ಹಚ್ಚಿದವಳು, ಗುಲಬರ್ಗಾದ ಬೋರ್ಡಿಂಗಿಗೂ ಆಮೇಲೆ ಹೈದರಾಬಾದಿಗೂ ಹೋಗುವಾಗ ಖಡಕ್ ರೊಟ್ಟಿಯ ಗಂಟು ಕಟ್ಟಿದವಳು ಅವಳೇ. ಅವನು ಬಿ.ಎ. ಆದ ವರ್ಷ ಜೆಟ್ಟೆಪ್ಪ ವಾಂತಿಭೇದಿ ಬೇನೆಯಲ್ಲಿ ಹೋದ. ಬೆಳಿಗ್ಗೆ ಹರಗೋಲು ನಡೆಸಿದವನು ಸಂಜೆಗೆ ಇರಲಿಲ್ಲ. ಮಕ್ಕಳಾಗಿರಲಿಲ್ಲ.

ಆಗ ಚಂದ್ರಾಮ ಅಳಲಿಲ್ಲ. ನೌಕರಿ ಹಿಡಿದ. ಸೋರುತ್ತಿದ್ದ ಮಾಡು ತೆಗೆಸಿ ಫರಸಿ ಕಲ್ಲು ಹಾಸಿಸಿದ. ಅತ್ತಿಗೆ ಮೀನು ಬುಟ್ಟಿ ಹೊರುವುದು ಬೇಡ ಎಂದು ಅವ್ವನ ಕೈಲಿ ಹೇಳಿಸಿದ. ಅವಳ ಎದುರು ಕೂತು ಅಣ್ಣನ ಹೆಸರು ಎತ್ತಿದ್ದು ಅವನಿಗೆ ನೆನಪಿಲ್ಲ.

ಆ ಗುರುವಾರ ಸಂಜೆ ಅವನು ಚೀಲ ಇಳಿಸಿದಾಗ ಶಿವಕಾಂತಮ್ಮ ಬಾಗಿಲಿಗೆ ಬಂದಳು.

"ಬಂದಿ ಏನಪಾ ಮಾಸ್ತರ್? ಚೀಲ ನೀ ಹೊತ್ತು ತಂದ್ಯೋ, ಚೀಲೇ ನಿನ್ನ ಹೊತ್ತು ತಂತೋ? ನೋಡು, ಹ್ಯಾಂಗ ಸೊರಗೀದಿ."

ಅವನು ನಕ್ಕ ಹಾಗೆ ಮಾಡಿದ. ಅವಳು ಚೀಲದ ಬಾಯಿ ಬಿಚ್ಚಿ ನಾಲ್ಕು ಕಾಳು ಹಲ್ಲಿಗೆ ಹಾಕಿ ಕಡಿದು ನೋಡಿದಳು.

"ಛಲೋ ಅದ. ಈ ಜ್ವಾಳದ ರೊಟ್ಟಿ ಬಿರಿಯಂಗಿಲ್ಲ. ಯಾರದು? ಸಂತ್ಯಾಗ ತಂದಿದ್ದಲ್ಲ ಇದು."

"ತೆಂಗಳಿ ಊರಿನ ರೈತರದು. ಅವರೇ ಆರಿಸಿ ಕೊಟ್ರು."

"ಮತ್ತ! ನೀ ಆರಿಸಿದ್ದಾಗಿದ್ರ ಅರ್ಧ ಹುಳ ಇರ್ತಿತ್ತು." ಅವಳು ನಗುತ್ತ ಚೀಲವನ್ನು ಒಳಗೆ ಎಳೆದುಕೊಂಡು ಹೋದಳು.

ಅವ್ವ ಮರೆಮ್ಮ ಹೊರಸಿನ ಮೇಲೆ ಕೂತಿದ್ದಳು. ಅವಳ ಕೈಬೆರಳಿನ ಗೆಣ್ಣುಗಳು ಬಾತಿದ್ದವು. ಎರಡು ಚಳಿಗಾಲದಿಂದ ಅವಳು ರೊಟ್ಟಿ ತಟ್ಟಿರಲಿಲ್ಲ. ಶಿವಕಾಂತಮ್ಮ ಒಳಗೆ ಹೋದದ್ದನ್ನು ನೋಡಿ ದನಿ ತಗ್ಗಿಸಿದಳು.

"ನಾಳಿ ಬರ್ತಾರ. ಚಿಂಚೋಳಿ ಕಡೆಯವರು. ಅಂಬರಾಯ ಅಂತ. ಹೊಳಿ ದಂಡಿ ಮ್ಯಾಲೆ ಬದನಿ ತ್ವಾಟ ಮಾಡ್ಯಾನ. ಹೆಣ್ತಿ ಸತ್ತಾಳ. ಕುಡಿಯಂಗಿಲ್ಲ ಅಂತ ಕಟ್ಟಿಮನಿ ಸಾಯಬಣ್ಣ ಆಣಿ ಮಾಡಿ ಹೇಳ್ಯಾನ."

"ನೀ ಏನಂತಿ ಅವ್ವ?"

"ನಾ ಏನನ್ಲಿ? ನಂದೊಂದು ಕಾಲು ಹೊಳ್ಯಾಗ ಅದ. ನಾ ಇರೋತನಕ ಖರೆ. ನಾ ಹೋದ ಮ್ಯಾಲೆ ನಿಮ್ಮಿಬ್ಬರನ್ನ ಒಂದು ಮಾಡಿನ ಕೆಳಗ ಊರು ಸುಮ್ಮ ಇರಗೊಡ್ತದೇನು? ನಿನಗೂ ಹೆಣ್ಣು ಕೊಡಾವರು ಈಗೇ ಕೇಳಾಕತ್ತಾರ, ಮನ್ಯಾಗ ಯಾರ್ಯಾರು ಅದಾರ ಅಂತ." ಒಳಗಿನ ಕಡೆ ನೋಡಿ ಮತ್ತೆ ಅಂದಳು: "ಆದ್ರ ಆಕಿ ಇಲ್ದ ಈ ಮನಿ ನನಗ ಗೊತ್ತಾಗಂಗಿಲ್ಲ ನೋಡು. ನೀ ಮನಿ ಗಂಡಸು. ನಿನ್ನ ಕೇಳ್ತಾರ. ಅದ ಅಂದ್ರ ಅದ."

ಅವರ ಜನರಲ್ಲಿ ಗಂಡ ಸತ್ತ ಹೆಂಗಸು ಉಡಿಕೆಯಾಗಬಹುದು. ಅರಿಶಿನ, ಬಾಜಾಬಜಂತ್ರಿ, ಮಂಟಪ ಏನೂ ಇಲ್ಲ. ಹೊಸ ಗಂಡ ತಂದ ಸೀರೆ ಉಟ್ಟು ಅವನ ಹಿಂದೆ ಹೋಗುವುದು. ಅದಕ್ಕೆ ಮೊದಲು ಹಿರಿಯರು ಸತ್ತವನ ಮನೆಯವರನ್ನು ಕೇಳಲೇಬೇಕು. ಕಾಳು ಕೇರುವ ಮರದಲ್ಲಿ ಜೋಳ ತುಂಬಿ ನಡುವೆ ಇಟ್ಟು, "ಈ ಮನ್ಯಾಗ ಈಕಿ ಪಾಲಿನ ರೊಟ್ಟಿ ಅದನೋ ಇಲ್ಲೋ?" ಎಂದು ಕೇಳುತ್ತಾರೆ. ಮನೆಯ ಗಂಡಸು "ಅದ" ಎಂದು ಒಂದು ಬೊಗಸೆ ಜೋಳ ಅವಳ ಸೆರಗಿಗೆ ಹಾಕಿದರೆ ಮುಗಿಯಿತು. ಮತ್ತೆ ಯಾರೂ ಅವಳನ್ನು ಕೇಳಿಕೊಂಡು ಬರುವ ಹಾಗಿಲ್ಲ. ಅವಳು ಸಾಯುವ ತನಕ ಆ ಮನೆಯವಳು, ಒಲೆಗೂ ಮಾಡಿಗೂ ಹಕ್ಕುದಾರಳು. ಊರು ಬಾಯಿ ಮುಚ್ಚಬೇಕು.

ಚಂದ್ರಾಮನಿಗೆ ಇಷ್ಟು ಗೊತ್ತಿತ್ತು. ಅಂಥ ಕೂಟದಲ್ಲಿ ಅವನು ಎಂದೂ ಕೂತಿರಲಿಲ್ಲ. ಕೂರುವ ವಯಸ್ಸಿನಲ್ಲಿ ಬೋರ್ಡಿಂಗಿನಲ್ಲಿದ್ದ. ಕಾಲೇಜಿನಲ್ಲಿದ್ದಾಗ ವಿಧವೆಯರ ಮರುಮದುವೆಯ ಪರವಾಗಿ ಉರ್ದುವಿನಲ್ಲಿ ಮಾತಾಡಿ ಬಹುಮಾನ ತಂದಿದ್ದ. ಹೆಣ್ಣನ್ನು ಹಿಡಿ ಅನ್ನಕ್ಕೆ ಕಟ್ಟಿಹಾಕುವುದು ಅನ್ಯಾಯ, ಅವಳ ಬಾಳು ಅವಳೇ ಆರಿಸಿಕೊಳ್ಳಬೇಕು ಎಂದು ಅಂದು ಹೇಳಿದ್ದ. ಚಪ್ಪಾಳೆ ಬಿದ್ದಿತ್ತು. ಈಗ ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದ. ಅದರಲ್ಲಿ ತಪ್ಪು ಕಾಣಲಿಲ್ಲ. ಅದ ಎಂದರೆ ಅವಳು ಬಾತ ಕೈಯ ಅತ್ತೆಗೂ ರಜೆಗೆ ಬರುವ ಮೈದುನನಿಗೂ ರೊಟ್ಟಿ ತಟ್ಟುತ್ತ ಮುದುಕಿಯಾಗಬೇಕು. ಇಲ್ಲ ಎಂದರೆ ತಾನೇ ಹೊರಗೆ ದೂಡಿದಂತೆ. ಎರಡೂ ಹೇಳದೆ ಇದ್ದರೆ ಹಿರಿಯರು ಅವಳನ್ನೇ ಕೇಳುತ್ತಾರೆ. ಆಗ ಅವಳ ಮನಸ್ಸು ಅವಳ ಬಾಯಿಂದಲೇ ಬರುತ್ತದೆ. ಅದೇ ಸರಿ ಎಂದು ಅವನಿಗೆ ತೋರಿತು. ತಾನು ಅವಳಿಗೆ ಏನು ಹೇಳಬೇಕೆಂದಿದ್ದೇನೆ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಅವನು ಹೊಳೆಯ ಹಾಸುಗಲ್ಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದ. ಶಿವಕಾಂತಮ್ಮ ಅಲ್ಲಿಯೇ ಸ್ವಲ್ಪ ಕೆಳಗೆ ನೀರಿನಂಚಿನಲ್ಲಿ ಮೀನಿನ ಹುರುಪೆ ಕೆರೆಯುತ್ತಿದ್ದಳು. ನೀರು ಕಡಿಮೆಯಾಗಿ ಜೆಟ್ಟೆಪ್ಪನ ಹರಗೋಲು ದಂಡೆಯಲ್ಲಿ ಬೋರಲು ಬಿದ್ದಿತ್ತು. ಈಗ ಅದನ್ನು ದಾಯಾದಿಗಳು ನಡೆಸುತ್ತಿದ್ದರು.

"ಏನ್ ಓದಾಕತ್ತಿ?"

"ನಾಳಿನ ಪಾಠ. ಒಂದು ಶಬ್ದ ಅದ, ಪ್ರೊವೈಡ್ ಅಂತ."

"ಅಂದ್ರ ಏನು?"

"ಒದಗಸೋದು. ಬೇಕಾದದ್ದು ತಂದು ಕೊಡೋದು."

"ಇಷ್ಟಕ್ಕ ಒಂದು ಪಾಠಾನ? ನನ್ನ ಕರ್ಕೊಂಡು ಹೋಗು, ನಾನೂ ಕಲಸ್ತೀನಿ. ಪಗಾರ ಅರ್ಧ ಕೊಡು."

"ಹಂಗಲ್ಲ. ಭಾಳ ಅರ್ಥ ಅದಾವ. ಒಬ್ಬರಿಗೆ ಒಂದು ಸಾಮಾನು ಕೊಡೋದಕ್ಕೂ ಅದೇ ಅಂತಾರ. ಒಬ್ಬರ ಜೀವನಕ್ಕ ನಿಲ್ಲೋದಕ್ಕೂ ಅದೇ. ಮುಂದ ಬರೋ ಕಷ್ಟಕ್ಕ ಈಗೇ ತಯಾರಿ ಮಾಡ್ಕೊಳ್ಳೋದಕ್ಕೂ ಅದೇ. ಹಿಂಗಾದ್ರ ಮಾತ್ರ ಹಂಗ ಅಂತ ಕರಾರು ಹಾಕೋದಕ್ಕೂ ಅದೇ."

ಶಿವಕಾಂತಮ್ಮ ಕೈ ನಿಲ್ಲಿಸಿ ಅವನನ್ನು ನೋಡಿದಳು. "ಇಷ್ಟಕ್ಕೆಲ್ಲ ಒಂದೇ ಶಬ್ದ? ಸಾಹೇಬರ ಹಂತ್ಯಾಕ ಮಾತಿಗೆ ಭಾಳ ಬರಗಾಲ ಬಿಡಪಾ. ನಿನ್ನಂಗೇ."

ಅವನು ಪುಟ ತಿರುವಿದ. ಅವಳು ಒಂದು ಮೀನು ಮುಗಿಸಿ ಇನ್ನೊಂದನ್ನು ಕೈಗೆತ್ತಿಕೊಂಡಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಮಧ್ಯಾನ್ಹ ಕೇಳ್ತಾರಲ್ಲ. ನೀ ಏನಂತಿ?"

"ನಿನ್ನ ಮನಸ್ಸಿನ್ಯಾಗ ಏನದ ಅತ್ತಿಗಿ?"

"ನನ್ನ ಮನಸ್ಸು ತಗೊಂಡು ಏನ್ ಮಾಡ್ತೀಯೋ? ಕೇಳೋದು ನಿನ್ನ. ನೀ ಹೇಳು."

ನೀರಿನಲ್ಲಿ ಹುರುಪೆಗಳು ತೇಲಿ ಹೋಗುತ್ತಿದ್ದವು. ಅವನು ಅವುಗಳನ್ನು ನೋಡಿದ. "ನಿನಗ ಒಳ್ಳೇದು ಆಗೋ ಹಂಗ ಮಾಡ್ತೀನಿ," ಎಂದ.

ಅವಳು ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಮುಖ ಹಗುರವಾಗಿತ್ತು. ಎರಡು ವರ್ಷದಲ್ಲಿ ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು ಎಂದು ಅವನಿಗೆ ಅನಿಸಿತು.

"ಆತು. ನೀ ಅಂದ್ಯಲ್ಲ, ಮುಗೀತು. ವಾರದ ರೊಟ್ಟಿ ಸಂಜಿಗೆ ತಟ್ತೀನಿ. ಈಗ ಹಿಟ್ಟು ಸೋಸಿ ಇಡ್ತೀನಿ. ಮಧ್ಯಾನ್ಹ ಮಂದಿ ಬರ್ತಾರ, ಒಲಿ ಮುಂದ ಕುಂತ್ರ ಆಗಂಗಿಲ್ಲ."

ಅವಳು ದಂಡೆ ಏರಿ ಹೋದಳು. ಅವನು ಪುಸ್ತಕಕ್ಕೆ ಮರಳಿದ.

*

ಬೇವಿನ ಗಿಡದ ಕೆಳಗೆ ಹಿರಿಯರು ಕೂಡಿದರು. ಹೆಂಗಸರು ಒಂದು ಕಡೆ ಗೋಡೆಗೆ ಒತ್ತಿ ಕೂತರು. ಅಂಬರಾಯ ಒಂದು ಬುಟ್ಟಿ ಬದನೆಕಾಯಿ ತಂದಿದ್ದ. ದೊಡ್ಡ ಕೈಗಳ, ಕಡಿಮೆ ಮಾತಿನ ಮನುಷ್ಯ. ಕೂಡಿದವರ ಮುಂದೆ ಕಾಲು ಎಲ್ಲಿಡಬೇಕೆಂದು ತಿಳಿಯದೆ ಚಪ್ಪಲಿಯನ್ನು ಬಿಡುವುದು, ಮೆಟ್ಟುವುದು ಮಾಡುತ್ತಿದ್ದ. ಅವನನ್ನು ದ್ವೇಷಿಸಲು ಏನೂ ಇರಲಿಲ್ಲ.

ಕುಲದ ಮುಖ್ಯಸ್ಥ ಕಟ್ಟಿಮನಿ ಸಾಯಬಣ್ಣ ತನ್ನ ಪಕ್ಕದ ಫರಸಿಯನ್ನು ತಟ್ಟಿದ. "ಬಾರಪಾ ಮಾಸ್ತರ್, ಕುಂದ್ರು. ಕುರ್ಚಿ ಇಲ್ಲ, ಕಲ್ಲೇ ಅದ."

"ಕಲ್ಲು ತಂಪು ಇರ್ತದ. ಬಿ.ಎ. ಬಿಸಿ ಇಳೀತದ," ಎಂದು ಹಿಂದಿನಿಂದ ಯಾರೋ ಅಂದರು. ಜನ ನಕ್ಕರು. ಚಂದ್ರಾಮನೂ ನಕ್ಕು ಕೂತ.

ಮರೆಮ್ಮ ಮರದಲ್ಲಿ ಜೋಳ ತಂದಿಟ್ಟಳು. ನಿನ್ನೆ ಅವನೇ ಹೊತ್ತು ತಂದ ಜೋಳ. ಶಿವಕಾಂತಮ್ಮನನ್ನು ಕರೆದು ಆ ಜೋಳದ ಮರದ ಆಚೆ ಕೂರಿಸಿದರು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು, ಮುಖ ಕಾಣುತ್ತಿರಲಿಲ್ಲ. ಸಾಯಬಣ್ಣ ಎಲೆಅಡಿಕೆ ಉಗುಳಿ, ಬಾಯಿ ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡ.

"ಜೆಟ್ಟೆಪ್ಪನ ಮನಿಯವರನ್ನ ಕೇಳಾಕತ್ತೀವಿ. ಈ ಮನ್ಯಾಗ ಈಕಿ ಪಾಲಿನ ರೊಟ್ಟಿ ಅದನೋ ಇಲ್ಲೋ?"

ಚಂದ್ರಾಮ ತಾನು ನಿಶ್ಚಯಿಸಿದ ಹಾಗೆ ಸುಮ್ಮನೆ ಕೂತ. ಈಗ ಅವಳ ಕಡೆ ತಿರುಗುತ್ತಾರೆ ಎಂದುಕೊಂಡ. ಯಾರೂ ತಿರುಗಲಿಲ್ಲ. ಎಲ್ಲರ ಕಣ್ಣೂ ಅವನ ಮೇಲೇ ಇದ್ದವು. ಬೇವಿನ ಎಲೆಯೊಂದು ಜೋಳದ ಮೇಲೆ ಬಿತ್ತು.

"ಏನಪಾ, ಕೇಳಸ್ತೋ ಇಲ್ಲೋ?" ಸಾಯಬಣ್ಣ ಅಂದ. "ಉರ್ದುದಾಗರ ಹೇಳು, ಇಂಗ್ಲಿಷಿನ್ಯಾಗರ ಹೇಳು. ನಾವು ಅಂಬಿಗರು, ನಮಗ ಮೀನಿನ ಮಾತು ಸುದ್ದಾ ತಿಳೀತದ."

ಮತ್ತೆ ನಗು. ನಗುವಿನ ನಡುವೆ ಚಂದ್ರಾಮ ಶಿವಕಾಂತಮ್ಮನ ಕೈ ನೋಡಿದ. ಅವಳು ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲ ಮೇಲೆ ಸ್ವಲ್ಪ ಅಗಲ ಮಾಡಿಕೊಂಡಿದ್ದಳು. ಬಟ್ಟೆಯ ನಡುವೆ ಸಣ್ಣ ತಗ್ಗು ಆಗಿತ್ತು. ಸೀರೆ ಸರಿ ಮಾಡಿಕೊಳ್ಳುತ್ತಿದ್ದಾಳೆ ಎಂದು ಅವನು ತಿಳಿದ. ಅಥವಾ ಹಾಗೆ ತಿಳಿಯುವುದು ಆಗ ಸುಲಭವಾಗಿತ್ತು. ಒಂದು ಶಬ್ದ ನಾಲಿಗೆಯ ತನಕ ಬಂದಿತ್ತೋ ಇಲ್ಲವೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಖಚಿತವಾಗಲಿಲ್ಲ.

ನಗು ನಿಂತಿತು. ಗೋಡೆಯ ಹತ್ತಿರ ಮರೆಮ್ಮ, "ಏ ಚಂದ್ರಾಮ," ಎಂದು ಮೆಲ್ಲಗೆ ಕರೆದಳು. ಹೆಂಗಸರು ಅಲ್ಲಿ ಮಾತಾಡುವ ಹಾಗಿರಲಿಲ್ಲ. ಪಕ್ಕದವಳು ಅವಳ ತೋಳು ಹಿಡಿದಳು.

ಸಾಯಬಣ್ಣ ಇನ್ನೂ ಸ್ವಲ್ಪ ಕಾದ. ಆಮೇಲೆ ಮುಂದಕ್ಕೆ ಬಗ್ಗಿ ಮರವನ್ನು ಎತ್ತಿ ಜೋಳವನ್ನು ಕೆಳಗೆ ಹಾಸಿದ್ದ ಬಟ್ಟೆಯ ಮೇಲೆ ಸುರಿದ, ಮರವನ್ನು ಬೋರಲು ಹಾಕಿದ.

"ಹಿರೇರು ಕೇಳ್ಯಾರ. ಮನಿ ಬಾಯಿ ಬಿಡಲಿಲ್ಲ. ಸುಮ್ಮ ಕುಂತದ್ದೂ ಒಂದು ಮಾತೇ. ಅಂಬರಾಯ, ಸೀರಿ ತಗಿ."

ಇಷ್ಟೇ. ಚಂದ್ರಾಮ ಇನ್ನೂ ಕಾಯುತ್ತಿದ್ದ. ಅವಳನ್ನು ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು. ಜನ ಎದ್ದು ಧೋತರ ಕೊಡವಿಕೊಂಡರು. ಯಾರೋ ಬೀಡಿ ಹಚ್ಚಿದರು. ಶಿವಕಾಂತಮ್ಮ ಸೆರಗಿನ ತುದಿಯನ್ನು ಬಿಟ್ಟು, ಅದರ ಮೇಲೆ ಏನೋ ಇದ್ದ ಹಾಗೆ ಒಮ್ಮೆ ಕೊಡವಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಎದ್ದು ನಿಲ್ಲಬಹುದಾಗಿತ್ತು. ಆಗಲೂ ಒಂದು ಮಾತು ಆಡಿದ್ದರೆ ಸಾಯಬಣ್ಣ ಬೈಯುತ್ತ ಬೈಯುತ್ತಲೇ ಮರ ಎತ್ತುತ್ತಿದ್ದನೋ ಏನೋ. ಅವನ ಒಳಗೆ ನೋವೂ ಇರಲಿಲ್ಲ, ಬೆರಗೂ ಇರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಎಲ್ಲವೂ ಜೋಮು ಹಿಡಿದಿತ್ತು.

ಹೊತ್ತು ಇಳಿಯುವ ಮೊದಲೇ ಬಂಡಿ ಹೂಡಿದರು. ಅವಳು ಅಂಬರಾಯ ತಂದ ಸೀರೆ ಉಟ್ಟು, ಒಂದು ಗಂಟು ಹಿಡಿದು ಹೊರಬಂದಳು. ಮುತ್ತೈದೆಯರು ನೋಡಬಾರದೆಂದು ಓಣಿಯ ಬಾಗಿಲುಗಳು ಮುಚ್ಚಿದ್ದವು. ಮರೆಮ್ಮ ಅವಳ ಗಲ್ಲ ಹಿಡಿದು ಅತ್ತಳು. ಶಿವಕಾಂತಮ್ಮ ಅಳಲಿಲ್ಲ. ಚಂದ್ರಾಮನ ಮುಂದೆ ಬಂದಾಗ ನಿಂತಳು.

"ಹಿಟ್ಟು ಸೋಸಿ ಪರಾತದಾಗ ಇಟ್ಟೀನಿ," ಎಂದಳು. "ಇರವಿ ಹತ್ತೀತು, ನೋಡ್ಕೋ."

ಅವನು ತಲೆ ಆಡಿಸಿದ. ನೆನಪಾಗಿ ಒಳಗೆ ಹೋಗಿ, ತಾನು ತಂದ ಬೆಲ್ಲದ ಗಂಟನ್ನು ತಂದು ಬಂಡಿಯಲ್ಲಿಟ್ಟ. ಅವಳು ಬೇಡ ಅನ್ನಲಿಲ್ಲ.

ಬಂಡಿ ಹೋದ ಮೇಲೆ ಅವ್ವ, ಮಗ ಒಳಗೆ ಕೂತರು. ಒಲೆಯ ಪಕ್ಕದಲ್ಲಿ ಪರಾತದ ತುಂಬ ಹಿಟ್ಟಿತ್ತು, ಮೇಲೆ ಒಗೆದ ಬಟ್ಟೆ ಮುಚ್ಚಿತ್ತು. ನೀರು ಕಾಯಿಸುವ ಗಡಿಗೆ, ಹಂಚು, ಹಂಚಿಗೆ ನೀರು ಸವರುವ ಅರಿವೆ, ಎಲ್ಲವೂ ಸಂಜೆಗೆಂದು ಸಾಲಾಗಿ ಸಿದ್ಧವಾಗಿದ್ದವು. ಹೋಗುವೆನೆಂದು ತಿಳಿದವಳು ಇಟ್ಟ ಹಾಗಿರಲಿಲ್ಲ.

"ಯಾಕ ಅನ್ಲಿಲ್ಲೋ?" ಮರೆಮ್ಮ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಾ ಸುಮ್ಮ ಇದ್ರ ಆಕಿನ್ನ ಕೇಳ್ತಾರ ಅಂದ್ಕೊಂಡಿದ್ದೆ."

ಅವಳು ಅವನ ಕಡೆ ತಿರುಗಿದಳು. "ಆಕಿನ್ನ ಯಾರು ಕೇಳ್ತಾರೋ ಯಪ್ಪಾ? ಯಾವ ಊರಾಗ ಕೇಳ್ಯಾರ? ನಿನಗ ಇಷ್ಟೂ ಗೊತ್ತಿಲ್ಲಂತ ನನಗರ ಹ್ಯಾಂಗ ಗೊತ್ತಾಗಬೇಕು?" ಆಮೇಲೆ ಪರಾತವನ್ನು ತನ್ನ ಕಡೆಗೆ ಎಳೆದುಕೊಂಡು, ಬಾತ ಕೈಯಿಂದ ಹಿಟ್ಟು ಮುಟ್ಟಿ, ಮತ್ತೆ ಬಟ್ಟೆ ಮುಚ್ಚಿದಳು.

*

ಶನಿವಾರ ಪಾಠ ಚೆನ್ನಾಗಿ ಆಯಿತು. ಇನ್ಸ್‌ಪೆಕ್ಟರ್ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು ಟೊಪ್ಪಿಗೆಯನ್ನು ಮೊಳಕಾಲ ಮೇಲೆ ಇಟ್ಟುಕೊಂಡಿದ್ದರು. ಚಂದ್ರಾಮ ಕರಿಹಲಗೆಯ ಮೇಲೆ ಶಬ್ದ ಬರೆದು ಒಂದೊಂದೇ ಅರ್ಥ ಬಿಡಿಸಿದ. ಹೊಳೆ ಊರಿಗೆ ನೀರು ಒದಗಿಸುತ್ತದೆ. ತಂದೆ ಮಕ್ಕಳ ಜೀವನಕ್ಕೆ ಬೇಕಾದದ್ದನ್ನು ಮಾಡಿಡುತ್ತಾನೆ. ಜಾಣ ರೈತ ಬರಗಾಲ ಬರುವ ಮುಂಚೆಯೇ ಹಗೇವಿನಲ್ಲಿ ಕಾಳು ತುಂಬುತ್ತಾನೆ. ಮಳೆ ಬಂದರೆ ಮಾತ್ರ ಬಿತ್ತನೆ. ಹುಡುಗರು ತಾವೇ ವಾಕ್ಯ ಕಟ್ಟಿದರು. ಒಬ್ಬ, ಹೆಡ್ ಮಾಸ್ತರರು ನಮಗೆ ಛಡಿ ಏಟು ಒದಗಿಸುತ್ತಾರೆ ಎಂದ; ಸಾಹೇಬರು ಜೋರಾಗಿ ನಕ್ಕರು.

ಹೋಗುವಾಗ ಅವರು ಚಂದ್ರಾಮನನ್ನು ಉರ್ದುವಿನಲ್ಲಿ ಕೇಳಿದರು: "ನಿಮ್ಮ ಕನ್ನಡದಲ್ಲಿ ಇದಕ್ಕೆ ಏನಂತೀರಿ?"

"ಒದಗಿಸು ಅಂತೀವಿ, ಸಾಹೇಬ್."

"ಅಷ್ಟೇನಾ?"

"ಅಷ್ಟೇ."

ಆ ಮಧ್ಯಾಹ್ನ ಗುಲಾಮ ದಸ್ತಗೀರರು ಅವನ ಊಟದ ಗಂಟು ಹುಡುಕಿದರು. "ಇವತ್ತು ರೊಟ್ಟಿ ಎಲ್ಲಿ ಅದಾವ್ರಿ? ವಾರಾ ವಾರಾ ನನ್ನ ಪಾಲು ಒಂದು ಇರ್ತಿತ್ತು."

"ಈ ವಾರ ಆಗಲಿಲ್ರಿ," ಎಂದ ಚಂದ್ರಾಮ.

ಆಮೇಲಿನ ವಾರಗಳಲ್ಲಿಯೂ ಅವನು ಊರಿಗೆ ಹೋದ. ಚೀಲ ಹೊತ್ತ. ರೊಟ್ಟಿ ತಟ್ಟಲು ಓಣಿಯ ಮುದುಕಿಯೊಬ್ಬಳನ್ನು ಗೊತ್ತು ಮಾಡಿದ. ಅವ್ವ ಉಣ್ಣುತ್ತಿದ್ದಳು, ರುಚಿಯ ಮಾತು ತೆಗೆಯುತ್ತಿರಲಿಲ್ಲ. ಪಾಠ ಮಾಡುತ್ತಿದ್ದ, ಸಂಬಳ ಬರುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಯಾರಾದರೂ ಕೇಳಿದ್ದರೆ ತನಗೆ ಏನೂ ಆಗಿಲ್ಲ ಎಂದು ಹೇಳುತ್ತಿದ್ದ. ಅದು ಸುಳ್ಳು ಎಂದು ಅವನಿಗೂ ಅನಿಸುತ್ತಿರಲಿಲ್ಲ.

*

ಮುಂದಿನ ಸುಗ್ಗಿಯ ಹೊತ್ತಿಗೆ, ಒಂದು ಶನಿವಾರ ಬೆಳಿಗ್ಗೆ, ವಾಡಿಯಲ್ಲಿ ಚಿತ್ತಾಪುರದ 
ಗಾಡಿ ಹತ್ತಿದಾಗ ಎದುರಿನ ಬೆಂಚಿನಲ್ಲಿ ಶಿವಕಾಂತಮ್ಮ ಕೂತಿದ್ದಳು. ಪಕ್ಕದಲ್ಲಿ ಅಂಬರಾಯ. ಅವನ ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿತ್ತು. ಗುಲಬರ್ಗಾದಲ್ಲಿ ಕಣ್ಣು ತೋರಿಸಿಕೊಂಡು, ಸೇಡಂ ತನಕ ಗಾಡಿಯಲ್ಲಿ ಹೋಗಿ, ಅಲ್ಲಿಂದ ಬಂಡಿಯಲ್ಲಿ ಚಿಂಚೋಳಿ ಕಡೆಗೆ ಹೋಗುವವರಿದ್ದರು.

"ಯವ್ವಾ, ಮಾಸ್ತರ್!" ಅವಳು ಕೂಗಿದಳು. "ಬಾ, ಇಲ್ಲೇ ಕುಂದ್ರು. ಅತ್ತಿ ಹ್ಯಾಂಗ ಅದಾಳ? ಕೈ ಬಾವು ಇಳದದೇನು?"

"ಅದಾಳ. ಹಂಗೇ ಅದ."

ಅಂಬರಾಯ ಅರ್ಧ ಎದ್ದು ಕೈ ಮುಗಿದ. "ಭಾಳ ನೆನಸ್ತಾಳ್ರಿ ನಿಮ್ಮನ್ನ. ನಮ್ಮ ಓಣಿ ಹುಡುಗರಿಗೆಲ್ಲ ಹೇಳ್ತಾಳ, ನಮ್ಮ ಮೈದುನ ಬಿ.ಎ. ಅಂತ. ಅವಕ್ಕ ಬಿ.ಎ. ಅಂದ್ರ ತಿನ್ನೋ ಸಾಮಾನು ಅಂತ ತಿಳದದ."

ಚಂದ್ರಾಮ ನಕ್ಕ. ಗಾಡಿ ಹೊರಡುವ ಮುನ್ನ ಕಿಟಕಿಯಿಂದ ಬಾಳೆಹಣ್ಣು, ಪೇರಲ, ಸುಟ್ಟ ಶೇಂಗಾ, ಕಂಡದ್ದೆಲ್ಲ ಕೊಂಡು ಅವರ ನಡುವೆ ಇಟ್ಟ. ಅಂಬರಾಯ, "ಇಷ್ಟ್ಯಾಕ್ರಿ, ಇಷ್ಟ್ಯಾಕ್ರಿ," ಎನ್ನುತ್ತಲೇ ಇದ್ದ.

"ಇರಲಿ ಬಿಡ್ರಿ. ಆತ ಹಂಗೇ," ಎಂದಳು ಅವಳು.

ಗಾಡಿ ಕಲ್ಲುಖಣಿಗಳ ಬೂದು ದಿಬ್ಬಗಳನ್ನು ದಾಟಿತು. ಶಿವಕಾಂತಮ್ಮ ಗಂಟು ಬಿಚ್ಚಿ ಖಡಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು ಅವನ ಕೈಗೆ ಕೊಟ್ಟಳು. ಅವನು ತಿಂದ. ಹಲ್ಲಿನ ಕೆಳಗೆ ರೊಟ್ಟಿ ಮುರಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು.

"ಅವತ್ತು ಒಂದು ಶಬ್ದ ಓದಾಕತ್ತಿದ್ಯಲ್ಲ," ಅವಳು ಕೇಳಿದಳು. "ಭಾಳ ಅರ್ಥದ್ದು. ಸಾಹೇಬ ಮೆಚ್ಚಿದನೇನು?"

"ಮೆಚ್ಚಿದ."

"ಛಲೋ ಆತು." ಅವಳು ಕಿಟಕಿಯ ಹೊರಗೆ ನೋಡಿದಳು. "ನಾನೂ ಅವತ್ತು ಭಾಳ ಖುಷಿಯಾಗಿದ್ದೆ, ಮುಂಜಾನಿ," ಎಂದಳು. ಅಂಬರಾಯ ಶೇಂಗಾ ಸುಲಿಯುತ್ತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ. ಅವಳ ದನಿಯಲ್ಲಿ ದೂರು ಇರಲಿಲ್ಲ. ಆಮೇಲೆ ಅವಳು ಪೇರಲ ಹಣ್ಣು ಹೋಳು ಮಾಡಿ ಗಂಡನ ಕೈಗಿಟ್ಟಳು, ಕಣ್ಣಿನ ಪಟ್ಟಿ ಜಾರದಂತೆ ಸರಿ ಮಾಡಿದಳು.

ಚಿತ್ತಾಪುರ ಬಂತು. ಚಂದ್ರಾಮ ಇಳಿದು ಕಿಟಕಿಯ ಹತ್ತಿರ ನಿಂತ. ಉಳಿದ ರೊಟ್ಟಿಗಳನ್ನು ಅವಳು ಬಟ್ಟೆಯ ಸಮೇತ ಅವನ ಕೈಗೆ ಕೊಟ್ಟಳು.

"ಬಟ್ಟಿ ಮರಳಿ ಕೊಡೋದು ಬ್ಯಾಡ. ನಮ್ಮ ಅತ್ತೀಗೆ ನಾ ಕೇಳ್ದೆ ಅಂತ ಹೇಳು."

"ಹೇಳ್ತೀನಿ. ಕಣ್ಣಿನ ಔಷಧಕ್ಕ ಏನರ ಬೇಕಾದ್ರ ಹೇಳಿ ಕಳಸು. ಕಳಸ್ತೀನಿ."

"ಹೂಂ."

ಗಾಡಿ ಸೇಡಂ ಕಡೆಗೆ ಹೊರಟಿತು. ಅವನು ಅದು ಮರೆಯಾಗುವ ತನಕ ನಿಂತು, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಯ ದಾರಿ ಹಿಡಿದ. ಅದಾದ ಮೇಲೂ ಅವಳಿಗೆ ಬಹಳ ಸಲ ಬಹಳ ಸಾಮಾನು ಕಳಿಸಿದ. ಈ ಮನೆಯಲ್ಲಿ ನಿನ್ನ ಪಾಲಿನ ರೊಟ್ಟಿ ಇದೆ, ಹೋಗಬೇಡ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.